ಜಿಂಕೆ ಕೆತ್ತಿದ ರಿವಾಲ್ವರ್

ಯಲಬುರ್ಗಾದ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದ ಹೇಮಾವತಿಗೆ ಚಿನ್ನದ ಆಸೆ ಇರಲಿಲ್ಲ, ಸೀರೆಯ ಆಸೆಯೂ ಅಷ್ಟಕ್ಕಷ್ಟೆ. ಆಕೆಗೆ ಹಿಡಿದ ಹುಚ್ಚೇ ಬೇರೆ.

ಮೊದಲು ಹುಲಿಹೈದರದಲ್ಲಿ ಕೆಲಸಕ್ಕಿದ್ದಾಗ ವಿರೂಪಾಕ್ಷಮ್ಮ ಎಂಬ ಮುದುಕಿಯ ಬೆನ್ನಿನ ಹುಣ್ಣಿಗೆ ಮನೆಗೇ ಹೋಗಿ ಮುಲಾಮು ಹಚ್ಚಿ ಬರುತ್ತಿದ್ದಳು. ಸಾಯುವ ಮುಂಚೆ ಮುದುಕಿ ಹಳೇ ಕುಪ್ಪಸದಲ್ಲಿ ಸುತ್ತಿದ ಗಂಟೊಂದನ್ನು ಆಕೆಯ ಕೈಗಿಟ್ಟಳು.

"ನಮ್ಮ ಮಾವನ ಅಪ್ಪಂದು. ನಾ ಸತ್ತ ಮ್ಯಾಲ ಮೊಮ್ಮಕ್ಕಳು ಗುಜರಿಗಿ ಹಾಕ್ತಾರ. ನೀ ಇಟ್ಕೊ ಯವ್ವ."

ಬಿಚ್ಚಿದರೆ ರಿವಾಲ್ವರ್. ಈಗಿನ ಕಾಲದ್ದಲ್ಲ, ಮುಂದಿನಿಂದ ಮದ್ದು, ಗುಂಡು ತುಂಬಿ, ಹಿಂದೆ ಸಣ್ಣ ತಾಮ್ರದ ಟೋಪಿ ಕೂಡಿಸಿ ಹೊಡೆಯುವಂಥದ್ದು. ನಳಿಗೆಯ ತುಂಬ ಬಳ್ಳಿ, ಬಳ್ಳಿಯಲ್ಲಿ ಹಕ್ಕಿ, ತಿರುಗುವ ಉರುಳೆಯ ಸುತ್ತ ಓಡುವ ಜಿಂಕೆಗಳು. ಕೊಲ್ಲುವ ಸಾಮಾನಿಗೆ ಯಾರೋ ಇಷ್ಟು ಪ್ರೀತಿಯಿಂದ ಯಾಕೆ ಚಿತ್ತಾರ ಬಿಡಿಸಿದರು ಎಂಬುದು ಹೇಮಾವತಿಗೆ ಬಗೆಹರಿಯಲಿಲ್ಲ. ಬಗೆಹರಿಯದ್ದಕ್ಕೇ ಇರಬೇಕು, ಬಿಡಲೂ ಆಗಲಿಲ್ಲ.

ಕೊಪ್ಪಳದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿದ್ದ ಮೆಹಜಬೀನಳ ಹತ್ತಿರ ಇನ್ನೊಂದು ಸಿಕ್ಕಿತು. ಕನಕಗಿರಿಯಲ್ಲಿ ದೇಸಾಯರ ಕಾಲದ ಒಂದು ವಾಡೆ ಮನೆ ಕೆಡವುವಾಗ ಮತ್ತೊಂದು. ರಜೆಯ ದಿನ ಅವನ್ನು ಟವೆಲ್ ಮೇಲೆ ಸಾಲಾಗಿಟ್ಟು, ಅರಳೆಯಲ್ಲಿ ಎಣ್ಣೆ ಅದ್ದಿ, ಒಂದೊಂದೇ ಎಲೆ, ಒಂದೊಂದೇ ರೆಕ್ಕೆ ಒರೆಸುತ್ತ ಕೂಡುತ್ತಿದ್ದಳು. ಟಂಟಂ ಆಟೋ ಓಡಿಸುವ ಗಂಡ ಸುಭಾಷ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ:

"ನಿನ್ನ ಮಕ್ಕಳಿಗೆ ಎಣ್ಣಿ ಹಚ್ಚಿದ್ಯಾ?"

ಅವರಿಗೆ ಮಕ್ಕಳಿರಲಿಲ್ಲ. ಆತ ನಗುತ್ತಲೇ ಕೇಳುತ್ತಿದ್ದ.

ಪಕ್ಕದ ಮನೆ ಸುಭಾಷನ ತಮ್ಮ ಕಳಕೇಶನದು. ಆತ ಹೊಸದಾಗಿ ಕಟ್ಟಿಸಿದ ಬಚ್ಚಲಿನ ನೀರು ಇವರ ಅಂಗಳಕ್ಕೆ ಹರಿದು ಬರುತ್ತಿತ್ತು. ಒಂದು ಮುಂಜಾನೆ ಅದೇ ಮಾತಿಗೆ ಜಗಳ ಹತ್ತಿತು. ಕಳಕೇಶ ಬಾಯಿಗೆ ಬಂದದ್ದು ಅಂದುಬಿಟ್ಟ:

"ಮಕ್ಕಳಿಲ್ಲದ ಮನಿಗಿ ಅಂಗಳ ಯಾಕ ಬೇಕೋ?"

ಸುಭಾಷ್ ಒಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಜಿಂಕೆಯ ರಿವಾಲ್ವರ್ ಇತ್ತು. ತಮ್ಮನ ಎದೆಗಿಟ್ಟು ಬೆರಳಿನಿಂದ ಅದರ ಕುದುರೆ ಎಳೆದ. ಟಕ್ ಅಂದಿತು, ಅಷ್ಟೆ. ಯಾರೋ ಮೊಬೈಲ್‌ನಲ್ಲಿ ಹಿಡಿದಿದ್ದರು. ಮಧ್ಯಾಹ್ನದೊಳಗೆ ಪೊಲೀಸರು ಬಂದು ಸುಭಾಷನನ್ನೂ ಮೂರೂ ರಿವಾಲ್ವರ್‌ಗಳನ್ನೂ ಒಯ್ದರು. ಕೊಲೆ ಯತ್ನದ ಕೇಸಾಯಿತು. ಹೇಮಾವತಿಯನ್ನು ಕೆಲಸದಿಂದ ಅಮಾನತು ಮಾಡಿದರು.

"ಅವು ಸತ್ತ ಕಬ್ಬಿಣ ಮೇಡಂ. ನಾನ ತಿಕ್ಕೀನಿ, ನನಗ ಗೊತ್ತೈತಿ," ಎಂದು ಆಕೆ ವಕೀಲೆ ವಾಣಿಶ್ರೀಯ ಮುಂದೆ ಕೈಮುಗಿದಳು. ಅದನ್ನೇ ನೆಚ್ಚಿಕೊಂಡು ದಿನ ದೂಡಿದಳು.

ಪ್ರಯೋಗಾಲಯದ ವರದಿ ಬಂದ ದಿನ ವಾಣಿಶ್ರೀ ಆಕೆಯನ್ನು ಕೂಡಿಸಿ, ನೀರು ಕೊಟ್ಟು ಹೇಳಿದಳು. "ಜಿಂಕಿ ರಿವಾಲ್ವರಿನ ಉರುಳಿಯ ಒಂದು ತೂತಿನೊಳಗ ಮದ್ದು, ಗುಂಡು ಹಂಗ ಅದಾವಂತ. ನೂರೈವತ್ತು ವರ್ಷದ್ದು. ಹಿಂದ ಟೋಪಿ ಇದ್ದಿಲ್ಲ, ಅದಕ್ಕ ಹಾರಿಲ್ಲ."

ಆ ತೂತಿನಲ್ಲಿದ್ದ ಕಪ್ಪು ಗಟ್ಟಿಯನ್ನು ಮಣ್ಣೆಂದು ತಿಳಿದು ಹೇಮಾವತಿ ಎಷ್ಟೋ ಸಲ ಸೂಜಿಯಿಂದ ಕೆದಕಿದ್ದಳು. ನಳಿಗೆಗೆ ಕಣ್ಣು ಹಚ್ಚಿ ನೋಡಿದ್ದಳು.

ರಾಜಿ ಮಾಡಿಕೊಳ್ಳಲೆಂದು ಮೈದುನನ ಮನೆಗೆ ಹೋದಳು. ಆತನ ಹೆಂಡತಿ ದ್ರಾಕ್ಷಾಯಿಣಿ ಬಾಗಿಲು ತೆಗೆಯಲಿಲ್ಲ. ಕಳಕೇಶ ಕಿಟಕಿಗೆ ಬಂದ.

"ನಾ ಅಂದದ್ದು ತಪ್ಪೈತಿ ಅತ್ತಿಗಿ, ಒಪ್ಪಿಗೋತೀನಿ. ಆದ್ರ ನೀವು ಎಣ್ಣಿ ಹಚ್ಚಿ ಹಚ್ಚಿ ಅದರ ಕುದುರಿ ಸಡಿಲ ಮಾಡಿ ಇಟ್ಟಿದ್ರಿ. ಇಲ್ಲಂದ್ರ ತುಕ್ಕು ಹಿಡದು ಅಳ್ಳಾಡ್ತಿದ್ದಿಲ್ಲ."

ಕೊಪ್ಪಳದ ಜೈಲಿಗೆ ಹೋಗಿ ಜಾಲರಿಯ ಆಚೆ ಕೂತ ಗಂಡನಿಗೆ ವರದಿಯ ಸಂಗತಿ ತಿಳಿಸಿದಳು. ಸುಭಾಷ್ ಸೊರಗಿದ್ದ.

"ನಿಮಗ ಗೊತ್ತಿದ್ದಿಲ್ಲಲ್ಲ? ಬರೇ ಹೆದರಸಾಕ ಹಿಡದಿದ್ರಿ, ಹೌದಲ್ಲ?"

ಆತ ಜಾಲರಿಗೆ ಬೆರಳು ಸಿಕ್ಕಿಸಿದ. "ತುಂಬಿದ್ದು ಗೊತ್ತಿದ್ದಿಲ್ಲ. ಆದ್ರ ಎಳಿಯೂ ಮುಂದ, ಇದು ಹಾರಲಿ ಅಂದ್ಕೊಂಡೇ ಎಳದ್ನಿ ಹೇಮಾ. ನಿನಗ ಸುಳ್ಳ ಯಾಕ ಹೇಳಲಿ?"

ಆ ಮಾತನ್ನು ಆಕೆ ವಕೀಲೆಗೂ ಹೇಳಲಿಲ್ಲ. ಸಾಕ್ಷಿ ಕಟ್ಟೆ ಹತ್ತಿದ ದಿನ ಮೇಜಿನ ಮೇಲೆ ರಿವಾಲ್ವರ್ ಇಟ್ಟಿದ್ದರು. ಜಿಂಕೆಗಳ ಮೇಲೆ ಅರಗಿನ ಮುದ್ರೆ ಬಿದ್ದಿತ್ತು.

"ಇದು ಹಾರುವಂಥದ್ದಲ್ಲ ಅಂತ ನಿಮ್ಮ ಯಜಮಾನರಿಗೆ ಗೊತ್ತಿತ್ತಾ?" ವಾಣಿಶ್ರೀ ಕೇಳಿದಳು.

"ಗೊತ್ತಿತ್ರಿ. ನಾನ ಹೇಳಿದ್ದೆ."

ಹೇಳುವಾಗ ಆಕೆ ಕಳಕೇಶನ ಕಡೆ ನೋಡಬಾರದೆಂದುಕೊಂಡಿದ್ದಳು, ನೋಡಿದಳು. ಆತ ತಲೆ ತಗ್ಗಿಸಿದ.

ಕೊಲೆ ಯತ್ನದ ಆರೋಪ ಕೋರ್ಟಿನಲ್ಲಿ ನಿಲ್ಲಲಿಲ್ಲ. ಬೆದರಿಕೆ ಹಾಕಿದ್ದಕ್ಕೆ ಆದ ಶಿಕ್ಷೆಯ ಅವಧಿ ಆಗಲೇ ಜೈಲಿನಲ್ಲಿ ಕಳೆದುಹೋಗಿತ್ತು. ಮೂರೂ ರಿವಾಲ್ವರ್ ಸರಕಾರಕ್ಕೆ ಸೇರಿದವು. ಹೇಮಾವತಿಗೆ ಕೆಲಸ ಮರಳಿ ಸಿಕ್ಕಿತು. ಕಳಕೇಶ ಮನೆ ಮಾರಿ ಗಂಗಾವತಿಗೆ ಹೋದ.

ಈಗ ಗಂಡ ಹೆಂಡತಿ ಎದುರುಬದುರು ಕೂತು ರೊಟ್ಟಿ ತಿನ್ನುತ್ತಾರೆ. ಸುಭಾಷ್ ಮೊದಲಿನಷ್ಟೇ ಒಳ್ಳೆಯವನು, ನೀರು ತಂದು ಕೊಡುತ್ತಾನೆ, ದನಿ ಎತ್ತುವುದಿಲ್ಲ. ಆತ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟರೆ ಮಾತ್ರ ಹೇಮಾವತಿಯ ಮೈ ಬಿಗಿಯಾಗುತ್ತದೆ. ಅದು ಆತನಿಗೂ ತಿಳಿಯುತ್ತದೆ. ಕೈ ತೆಗೆದು ಹೊರಗೆ ಹೋಗಿ ಟಂಟಂ ಒರೆಸುತ್ತ ನಿಲ್ಲುತ್ತಾನೆ.