ಬಾಗಿಲಿಲ್ಲದ ಮಹಿಳಾ ವಿಭಾಗ

ಕೋಲಾರದ ಪೇಟೆಯಲ್ಲಿ ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಪುರಸಭೆಯ ಕಚೇರಿ, ಅದರ ಪಕ್ಕಕ್ಕೆ ಆಸ್ಪತ್ರೆ, ಎದುರಿಗೆ ವಾಚನಾಲಯ. ಮನೆಗೆ ನೆಂಟರು ಯಾರು ಬಂದರೂ ನಮ್ಮ ಮಾವನವರು ಈ ಮೂರನ್ನೂ ತಾವೇ ಕಟ್ಟಿಸಿದವರ ಹಾಗೆ ತೋರಿಸಿಕೊಂಡು ಬರುತ್ತಿದ್ದರು. ಆವನಿಯಿಂದ ಸೊಸೆಯಾಗಿ ಬಂದ ನಾನು ವಾಚನಾಲಯವನ್ನು ನೋಡಿದ್ದು ಮಾತ್ರ ಬೀದಿಯಿಂದಲೇ. ಉದ್ದನೆಯ ಮೇಜು, ಬೆಂಚುಗಳ ತುಂಬ ಗಂಡಸರು, ಅವರ ಮುಖ ಮುಚ್ಚಿದ ಪತ್ರಿಕೆಗಳು.

ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದವಳು. ಆದರೆ ಮನೆಗೆ ಪತ್ರಿಕೆ ತರಿಸುತ್ತಿರಲಿಲ್ಲ. ಎದುರಿಗೇ ಬಿಟ್ಟಿ ಸಿಗುವಾಗ ತರಿಸುವುದೇಕೆ ಎಂಬುದು ಮಾವನವರ ವಾದ. ಸಂಜೆ ಅವರು ಓದಿ ಬಂದು, ಕಾಲು ತೊಳೆದು, ಕಾಫಿ ಕುಡಿಯುತ್ತ ಹೇಳಿದ್ದೇ ನಮಗೆ ಲೋಕದ ಸುದ್ದಿ. ಯುದ್ಧ ಶುರುವಾಗಿ, ನನ್ನ ಅಣ್ಣ ಮಿಲಿಟರಿಗೆ ಗುಮಾಸ್ತನಾಗಿ ಸೇರಿ ಅಸ್ಸಾಮಿನ ಕಡೆ ಹೋದ ಮೇಲೆ ನನಗೆ ಅದು ಸಾಲದಾಯಿತು. ಅವನ ಕಾಗದ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. "ಅಸ್ಸಾಮಿನ ಕಡೇದು ಏನಾದ್ರೂ ಬರೆದಿದ್ರಾ ಮಾವ?" ಎಂದು ಕೇಳಿದರೆ, "ಏನೂ ಇಲ್ಲಮ್ಮಾ, ಅಲ್ಲಿ ಬರೀ ಮಳೆಯಂತೆ" ಎನ್ನುವರು. ಎಷ್ಟು ಸಲ ಕೇಳಿದರೂ ಮಳೆಯೇ. ಮಾಘಮಾಸದಲ್ಲೂ ಮಳೆಯೇ!

ಆ ಹೊತ್ತಿಗೆ ಪುರಸಭೆಯವರಿಗೆ ಹೆಂಗಸರ ನೆನಪಾಯಿತು. ವಾಚನಾಲಯದ ಹಿಂದಿನ ಕೋಣೆಗೆ ಸುಣ್ಣ ಬಳಿದು, 'ಮಹಿಳಾ ವಿಭಾಗ' ಎಂದು ಬೋರ್ಡು ತಗುಲಿಸಿ, ಹಾರ ತುರಾಯಿ ಭಾಷಣಗಳೊಂದಿಗೆ ತೆರೆದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ವಿಷಯ ತಿಳಿಯಿತು. ಆ ಕೋಣೆಯ ಹಿಂದಿನ ಗೋಡೆಗೆ ಪಕ್ಕದ ಮನೆಯ ಗೋಡೆ ಅಂಟಿಕೊಂಡಿತ್ತು, ಬೀದಿಗೆ ಬಾಗಿಲೇ ಇರಲಿಲ್ಲ. ಒಳಗೆ ಹೋಗಬೇಕಾದರೆ ಗಂಡಸರ ಹಜಾರದ ನಟ್ಟನಡುವೆ ಹಾದೇ ಹೋಗಬೇಕು. ಭಾಷಣ ಬಿಗಿದ ಅಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲವೇ? ಈಗ ನೆನೆಸಿಕೊಂಡರೂ ನನಗೆ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಹೊರಟೆ. ನಮ್ಮ ಅತ್ತೆಗೆ ಗಾಬರಿಯಾದರೆ ತೆಲುಗು ಬರುತ್ತಿತ್ತು. "ವದ್ದಮ್ಮಾ, ವದ್ದು! ಬೇಡ ಕಣೇ, ಅಲ್ಲಿ ಎಲ್ಲಾ ನಮ್ಮೋರೇ ಕೂತಿರ್ತಾರೆ" ಎಂದು ಬಾಗಿಲವರೆಗೂ ಬಂದರು. ಅವರು ಹೇಳಿದ್ದು ನಿಜ. ನಾನು ಹೊಸಿಲು ದಾಟಿದೊಡನೆ ಪತ್ರಿಕೆಗಳು ಒಂದೊಂದಾಗಿ ಕೆಳಗಿಳಿದವು. ನನ್ನ ಗಂಡನ ಚಿಕ್ಕಪ್ಪ, ನಮ್ಮ ಪುರೋಹಿತರು, ಆಚೆಮನೆಯವರು, ಮಧ್ಯದಲ್ಲಿ ಮಾವನವರು. ತಲೆ ತಗ್ಗಿಸಿಕೊಂಡು ಹಿಂದಿನ ಕೋಣೆ ಸೇರಿದರೆ ಅಲ್ಲಿದ್ದದ್ದು ಹರಿದ ಎರಡು ಮಾಸಪತ್ರಿಕೆ. ದಿನಪತ್ರಿಕೆ ಗಂಡಸರು ಓದಿ ಮುಗಿಸಿದ ಮೇಲೆ ಒಳಗೆ ಬರುತ್ತದಂತೆ. ಅಷ್ಟು ಜನರ ಮುಂದೆ ಬರಿಗೈಯಲ್ಲಿ ವಾಪಸು ಬಂದೆ.

ಸಂಜೆ ಮಾವನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಂಗೆ ಬೇಕಾದ್ದು ನಾನೇ ಹೇಳ್ತೀನಲ್ಲಮ್ಮಾ, ಅಲ್ಲಿಗ್ಯಾಕೆ ಹೋಗ್ತೀಯ?" ಎಂದರು, ಬಹಳ ಮೆತ್ತಗೆ. ನಾನು ಲೋಟ ಎತ್ತಿಕೊಂಡು ತೊಳೆಯಲು ಹೋದೆ. ಕೆಲವು ತಿಂಗಳಲ್ಲಿ ಆ ಕೋಣೆಗೆ ಬೀಗ ಬಿತ್ತು. ಹೆಂಗಸರಿಗೆ ಓದುವ ಆಸಕ್ತಿಯೇ ಇಲ್ಲ ಎಂದು ಪುರಸಭೆಯವರು ತೀರ್ಮಾನಿಸಿದರಂತೆ. ಈ ಸುದ್ದಿಯನ್ನೂ ಕಾಫಿ ಕುಡಿಯುತ್ತ ಮಾವನವರೇ ಹೇಳಿದರು.

ಆಮೇಲೆ ಊರಿಗೆ ರೇಷನ್ ಬಂತು. ಬೀಗ ಹಾಕಿದ ಕೋಣೆ ಸಿಕ್ಕಿದ್ದೇ ತಡ, ಅಲ್ಲಿ ರಾಗಿ ಮೂಟೆ ಪೇರಿಸಿ ತಕ್ಕಡಿ ತೂಗುಹಾಕಿದರು. ಸಾಲಿನಲ್ಲಿ ನಿಲ್ಲುವುದು ಗಂಡಸರ ಗೌರವಕ್ಕೆ ಕಡಿಮೆಯಾದ್ದರಿಂದ ಮನೆಮನೆಯಿಂದ ಹೆಂಗಸರೇ ಹೊರಟರು. ಅದೇ ಹೊಸಿಲು, ಅದೇ ಹಜಾರ, ಬೆಂಚಿನ ಮೇಲೆ ಅದೇ ನೆಂಟರಿಷ್ಟರು. ಚೀಲ ಹಿಡಿದ ಹೆಂಗಸರ ಸಾಲು ಬೀದಿಯಿಂದ ಮೇಜಿನ ಪಕ್ಕದಲ್ಲೇ ಹಾದು ಹಿಂದಿನ ಕೋಣೆಗೆ ಹೋಗುತ್ತಿತ್ತು. ಯಾರ ಮಾನವೂ ಹೋಗಲಿಲ್ಲ. ಒಂದು ಪತ್ರಿಕೆಯೂ ಕೆಳಗಿಳಿಯಲಿಲ್ಲ. "ಬೇಗ ಹೋಗೇ, ರಾಗಿ ಮುಗಿದುಹೋಗತ್ತೆ" ಎಂದು ಅತ್ತೆಯೇ ನನ್ನನ್ನು ಅಟ್ಟಿದರು.

ಸಾಲು ತೆವಳಿಕೊಂಡು ಮಾವನವರ ಬೆನ್ನ ಹಿಂದೆ ಬಂದು ನಿಂತಿತು. ಅವರ ಭುಜದ ಮೇಲಿಂದ ಪತ್ರಿಕೆ ಪೂರ್ತಿ ಕಾಣುತ್ತಿತ್ತು. ಅಸ್ಸಾಮಿನ ಗಡಿಯಲ್ಲಿ ಘೋರ ಕಾಳಗ ಎಂದು ದಪ್ಪಕ್ಷರದಲ್ಲಿ ಹಾಕಿದ್ದರು. ಮಳೆಯ ಮಾತೇ ಇರಲಿಲ್ಲ. ಹಿಂದಿನವರು "ನಡೀರಮ್ಮಾ ಮುಂದೆ" ಎಂದರು. "ನೀವು ಹೋಗಿ" ಎಂದು ದಾರಿ ಬಿಟ್ಟೆ. ಅವರಾದ ಮೇಲೆ ಇನ್ನೊಬ್ಬರಿಗೆ ಬಿಟ್ಟೆ.

ದನಿ ಕೇಳಿ ಮಾವನವರು ತಿರುಗಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಸಿಕ್ಕಿಬಿದ್ದವರ ಕಳೆಯಿತ್ತು. ಅವಸರವಾಗಿ ಪುಟ ಮಗುಚಲು ಹೋದರು. ಅಷ್ಟೂ ಜನರ ಎದುರಿಗೆ ನಾನು ಕೈ ಚಾಚಿ ಹಾಳೆಯನ್ನು ಒತ್ತಿ ಹಿಡಿದೆ.

"ತಿರುಗಿಸಬೇಡಿ ಮಾವ. ನಾನಿನ್ನೂ ಓದ್ತಾ ಇದ್ದೀನಿ."