ಟ್ರ್ಯಾಕಕ್ಕನ ಸ್ವಂತ ಗಂಟಲು

ಹಾಡಲು ಬರುವ ಸೊಸೆ ದುಡ್ಡು ಕೊಟ್ಟು ಹಾಡಿನ ಕೋಚಿಂಗಿಗೆ ಸೇರುತ್ತೇನೆ ಎಂದರೆ ಯಾವ ಅತ್ತೆ ಸುಮ್ಮನಿರುತ್ತಾಳೆ? "ಮೀನಿಗೆ ಈಜು ಕಲಿಸ್ತಾರೇನೇ?" ಎಂದು ಮೂಗು ಮುರಿದಳು. ಕಾಲು ಮಾತ್ರ ಹೊಲಿಗೆ ಯಂತ್ರವನ್ನು ತುಳಿಯುತ್ತಲೇ ಇತ್ತು. ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರದ ರಾಶಿ, ಕಿಟಕಿಯಲ್ಲಿ ರೇಡಿಯೋ, ಎರಡರ ನಡುವೆ ಅತ್ತೆ. ಮನೆಯ ದರ್ಬಾರು ನಡೆಯುತ್ತಿದ್ದುದು ಅಲ್ಲಿಂದಲೇ.

ಸೊಸೆಯನ್ನು ಸ್ಟುಡಿಯೋದಲ್ಲಿ ಎಲ್ಲರೂ ಕರೆಯುತ್ತಿದ್ದುದು ಟ್ರ್ಯಾಕಕ್ಕ ಎಂದು. ಸಿನಿಮಾ ಹಾಡು ಹಾಡುವ ದೊಡ್ಡ ಗಾಯಕಿಗೆ ಕೂತು ಕಲಿಯಲು ಪುರುಸೊತ್ತೆಲ್ಲಿ? ಹಾಗಾಗಿ ಟ್ರ್ಯಾಕಕ್ಕ ಮೊದಲೇ ಇಡೀ ಹಾಡನ್ನು ಹಾಡಿಟ್ಟಿರಬೇಕು. ಅದೇ ಟ್ರ್ಯಾಕ್. ಗಾಯಕಿ ಬಂದು ಅದನ್ನು ಕೇಳಿ, ಸಾಲು ಸಾಲಾಗಿ ಹಾಡಿ ಹೋಗುತ್ತಾಳೆ. ಅವಳ ಕಾರು ಗೇಟು ದಾಟುವುದರೊಳಗೆ ಟ್ರ್ಯಾಕನ್ನು ಅಳಿಸಿರುತ್ತಾರೆ. ಈ ಕಸುಬಿಗೆ ಒಂದು ಜಾಣತನ ಬೇಕು. ಗಾಯಕಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಸಾಲಿನ ತುದಿಯನ್ನು ಹೇಗೆ ಮೂಗಿನಲ್ಲಿ ಎಳೆಯುತ್ತಾಳೆ ಎಂಬುದೆಲ್ಲ ಟ್ರ್ಯಾಕಿನಲ್ಲೇ ಇದ್ದರೆ ಆಯಮ್ಮನ ಕೆಲಸ ಸಲೀಸು. ಟ್ರ್ಯಾಕಕ್ಕ ಅದರಲ್ಲಿ ಪಳಗಿದವಳು. ಮಗಳ ಶಾಲೆ, ಮನೆ ಬಾಡಿಗೆ ಎರಡೂ ಆ ಸಂಪಾದನೆಯಲ್ಲೇ ನಡೆಯಬೇಕಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನ ಸಂಬಳ ಊಟಕ್ಕೆ ಸರಿಹೋಗುತ್ತಿತ್ತು.

ಆದರೆ ಆಸೆ ಎಂಬುದು ಹೊಟ್ಟೆ ತುಂಬಿದ ಮಾತ್ರಕ್ಕೆ ಮಲಗುವ ಪ್ರಾಣಿಯಲ್ಲ. ಒಂದೇ ಒಂದು ಹಾಡು ತನ್ನ ಧ್ವನಿಯಲ್ಲೇ ಉಳಿಯಬೇಕು, ಅಷ್ಟೇ ಅವಳ ಆಸೆ. ಸಂಗೀತ ನಿರ್ದೇಶಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರನ್ನು ಕೇಳಿದಾಗಲೆಲ್ಲ "ನೋಡೋಣಮ್ಮ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಜಾರಿಕೊಳ್ಳುತ್ತಿದ್ದರು. ಬೇಸತ್ತು ಅವಳು ಕೋಚಿಂಗಿಗೆ ಸೇರಿದಳು.

ಕೋಚ್ ಎಂಬ ಮಹಾಶಯ ಹಿಂದೆ ಕೀಬೋರ್ಡ್ ನುಡಿಸುತ್ತಿದ್ದವನು. ಅವನ ಸ್ವಂತ ಹಾಡುಗಳನ್ನು ಅವನ ಹೆಂಡತಿಯಾದರೂ ಕೇಳಿದ್ದಳೋ ಇಲ್ಲವೋ. ಅಂಥವನು ಊರಿಗೆಲ್ಲ ಯಶಸ್ಸು ಕಲಿಸುತ್ತೇನೆಂದು ಬೋರ್ಡು ಹಾಕಿದ್ದ. ಮೊದಲ ಪಾಠ, ಫೋಟೋ ತೆಗೆಸುವಾಗ ಯಾವ ಭುಜ ಮುಂದೆ ಇರಬೇಕು ಎಂಬುದು. ಆಮೇಲೆ, ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ಗೆದ್ದೇ ಗೆಲ್ಲುತ್ತೇನೆ ಎಂದು ಹೇಳಿಕೊಳ್ಳುವುದು. ಟ್ರ್ಯಾಕಕ್ಕ ಹೇಳಿಕೊಂಡಳು. ಮಗಳು ಹಲ್ಲುಜ್ಜುತ್ತಿದ್ದವಳು ಬಾಯಲ್ಲಿದ್ದ ನೊರೆಯೆಲ್ಲ ಉಕ್ಕುವ ಹಾಗೆ ನಕ್ಕಳು. ಜೊಳ್ಳನ್ನು ಜೊಳ್ಳು ಎನ್ನಲು ಮುಲಾಜೇಕೆ? ಜೊಳ್ಳೇ.

ಹೇಳಿಕೊಡುವ ಸರಕು ಖಾಲಿಯಾಯಿತೋ ಏನೋ, ಒಂದು ದಿನ ಅವನು ಸುಮ್ಮನೆ ಹಾಡಲು ಹೇಳಿದ. ಅವಳು ಕಣ್ಣು ಮುಚ್ಚಿ ಹಾಡಿದಳು. ಅವನು, "ಚೆನ್ನಾಗಿದೆ. ಆದ್ರೆ ಇದು ಯಾರು?" ಎಂದ. ಅವಳಿಗೆ ಅರ್ಥವಾಗಲಿಲ್ಲ. ಇದನ್ನೇ ಮೊಬೈಲಿನಲ್ಲಿ ಹಾಡಿಟ್ಟು, ದಿನಾ ನಿಮ್ಮ ಧ್ವನಿ ಕೇಳುವವರಿಗೆ ಕೇಳಿಸಿ, ಯಾರದೆಂದು ಮಾತ್ರ ಹೇಳಬೇಡಿ ಎಂದು ಕಳಿಸಿದ.

ಅವಳು ಅತ್ತೆಗೆ ಕೇಳಿಸಿದಳು. ಅತ್ತೆ ಕಾಜಾ ಹೊಲಿಯುತ್ತಲೇ ತಲೆದೂಗಿ, ಆ ದೊಡ್ಡ ಗಾಯಕಿಯ ಹೊಸ ಹಾಡಾ, ಪರವಾಗಿಲ್ಲ ಎಂದಳು. ಮದುವೆಯಾದಂದಿನಿಂದ ಒಂದೇ ಸೂರಿನಡಿ ಬದುಕಿದವಳು, ಸೊಸೆ ಕೆಮ್ಮಿದರೆ ಗೋಡೆಯಾಚೆಯಿಂದಲೇ ಗುರುತು ಹಿಡಿಯುವವಳು! ಟ್ರ್ಯಾಕಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಇಷ್ಟು ವರ್ಷ ಅಳಿಸಿಹೋದದ್ದು ಬರೀ ಟ್ರ್ಯಾಕ್ ಅಲ್ಲ ಎಂದು ಅವಳಿಗೆ ಆವತ್ತು ತಿಳಿಯಿತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಎನ್ನುತ್ತಾರೆ. ಬೇಡ, ಒಪ್ಪಿದೆ. ಬೆನ್ನಿನ ಹುಣ್ಣಿಗೆ ಬೇಕಲ್ಲ! ಅವಳು ಕೊಟ್ಟ ದುಡ್ಡು ಆ ಕನ್ನಡಿಗೆ ಸಂದಿತು.

ಮುಂದಿನ ಪಾಠಗಳಲ್ಲಿ ಕೋಚ್ ಹೊಸದೇನನ್ನೂ ಕಲಿಸಲಿಲ್ಲ, ಕಲಿತದ್ದನ್ನು ಬಿಡಿಸಿದ. ತುದಿ ಎಳೆದಾಗಲೆಲ್ಲ ಮೇಜು ಕುಟ್ಟಿ ನಿಲ್ಲಿಸುತ್ತಿದ್ದ. ಉಸಿರು ಮುಗಿದ ಕಡೆ ಉಸಿರು ತೆಗೆದುಕೊಳ್ಳಿ, ಇನ್ನೊಬ್ಬರ ಉಸಿರು ನಿಮಗೇಕೆ ಎಂದು ರೇಗುತ್ತಿದ್ದ. ಕೊನೆಗೆ, ಬರುವ ಟ್ರ್ಯಾಕನ್ನು ನಿಮ್ಮ ಹಾಗೇ ಹಾಡಿ ಎಂದ.

"ಕೆಲಸ ಹೋದ್ರೆ?" ಎಂದಳು.

"ಹೋಗ್ಬಹುದು. ಅದಕ್ಕೆ ನಾನು ಗ್ಯಾರಂಟಿ ಕೊಡಲ್ಲ."

ಬೋರ್ಡಿನ ಮೇಲೆ ಇಲ್ಲದ ಆ ಒಂದು ಮಾತಿನಿಂದಲೇ ಅವನ ಮೇಲೆ ಅವಳಿಗೆ ನಂಬಿಕೆ ಹುಟ್ಟಿತು. ಗಂಡನನ್ನು ಕೇಳಿದರೆ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಎಷ್ಟು ದೂರ ಗಾಡಿ ಓಡಿಸುತ್ತೀಯ ಎಂದ. ಬಾಡಿಗೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಸ್ಟುಡಿಯೋದಲ್ಲಿ ಹಾಡುವ ಕೋಣೆ ತೀರಾ ಚಿಕ್ಕದು. ಗೋಡೆಗೆಲ್ಲ ಸ್ಪಂಜು, ಸದ್ದು ಬೀಳಬಾರದೆಂದು ಏಸಿಯನ್ನೂ ಆರಿಸುತ್ತಾರೆ. ಅವತ್ತು ಬಂದದ್ದು, ಮುನಿಸಿಕೊಂಡು ಹೋದ ತಂಗಿಯನ್ನು ಅಕ್ಕ ಕರೆಯುವ ಹಾಡು. ಟ್ರ್ಯಾಕಕ್ಕ ಬೆವರುತ್ತಾ, ತನ್ನ ಉಸಿರಿನಲ್ಲಿ, ತುದಿ ಎಳೆಯದೆ ಹಾಡಿದಳು. ಗಾಜಿನಾಚೆ ಮೇಷ್ಟ್ರ ಹುಬ್ಬು ಗಂಟಾಯಿತು. ಇದನ್ನು ಆಯಮ್ಮ ಹೇಗೆ ಹಾಡಬೇಕು, ಮೊದಲಿನ ಹಾಗೆ ಹಾಡು ಎಂದರು. ಹಳೆಯ ದಾರಿ ಗಂಟಲಲ್ಲೇ ಇತ್ತು, ಹಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಮೇಷ್ಟ್ರೇ, ನನ್ನ ಬಾಯಲ್ಲಿ ಈ ಹಾಡು ಬರೋದೇ ಹೀಗೆ. ಬೇಡ ಅನಿಸಿದ್ರೆ ನಾಳೆಯಿಂದ ಬೇರೆಯವರನ್ನ ಕರೀರಿ" ಎಂದಳು.

ಬೇರೆಯವರನ್ನು ಕರೆಯಲು ಹೊತ್ತಿರಲಿಲ್ಲ, ಗಾಯಕಿಯ ಕಾರು ಬಂದೇಬಿಟ್ಟಿತು. ಟ್ರ್ಯಾಕಕ್ಕ ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಗಾಯಕಿ ಒಂದು ಸಾಲು ಹಾಡುವುದು, ನಿಲ್ಲಿಸುವುದು, ಮತ್ತೆ ಹಾಡುವುದು. ಮೂಗಿನಲ್ಲಿ ಎಳೆದರೆ ಹಾಡು ಕೆಡುತ್ತಿತ್ತು, ಎಳೆಯದಿದ್ದರೆ ಅದು ಅವಳದಾಗುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಈಗ ತಪ್ಪೆಲ್ಲ ನನ್ನ ತಲೆಗೆ ಎಂದುಕೊಂಡು ಟ್ರ್ಯಾಕಕ್ಕ ಚೀಲ ಹಿಡಿದು ಎದ್ದಳು. ಅಷ್ಟರಲ್ಲಿ ಗಾಯಕಿ ಬಾಗಿಲು ತೆರೆದು ಬಂದಳು.

"ಇದನ್ನ ನಾನು ಹಾಡಿದ್ರೆ ಇವರನ್ನ ನಕಲು ಮಾಡಿದ ಹಾಗಿರುತ್ತೆ. ಇವರ ಟ್ರ್ಯಾಕನ್ನೇ ಇಟ್ಕೊಳ್ಳಿ ಮೇಷ್ಟ್ರೇ" ಎಂದು, ಟ್ರ್ಯಾಕಕ್ಕನ ಮುಖವನ್ನು ಒಮ್ಮೆ ನೋಡಿ ಕಾರು ಹತ್ತಿದಳು. ದೊಡ್ಡವರಲ್ಲೂ ದೊಡ್ಡವರಿರುತ್ತಾರೆ, ಸುಳ್ಳೇಕೆ ಹೇಳಬೇಕು. ಮೇಷ್ಟ್ರು, ಟ್ರ್ಯಾಕ್ ಅಳಿಸಬೇಡ ಎಂದು ತಂತ್ರಜ್ಞನಿಗೆ ಹೇಳಿದರು.

ಕೋಚ್ ತಡಮಾಡಲಿಲ್ಲ. ಭುಜ ಮುಂದೆ ಮಾಡಿದ ಅವಳ ಫೋಟೋವನ್ನು ಬೋರ್ಡಿನ ನಡುವೆಯೇ ಏರಿಸಿದ. ಟ್ರ್ಯಾಕಕ್ಕ ನಕ್ಕುಬಿಟ್ಟಳು. ಮೂಟೆ ಜೊಳ್ಳಿನಲ್ಲಿ ಹಿಡಿ ಕಾಳು ಸಿಕ್ಕಿತ್ತು, ಆ ಹಿಡಿಯೇ ಅವಳಿಗೆ ಸಾಕಿತ್ತು.

ಬಿಡುಗಡೆಗೆ ಮುಂಚೆ ಹಾಡನ್ನು ಮನೆಯಲ್ಲೂ ಗುನುಗಬಾರದು ಎಂಬುದು ಆ ಕಸುಬಿನ ಕಟ್ಟಳೆ. ಅತ್ತೆ ಅದನ್ನು ಕೇಳಿದ್ದು ರೇಡಿಯೋದಲ್ಲೇ, ಒಂದು ಬೆಳಿಗ್ಗೆ. ಹಾಡಿದವರು ಯಾರೆಂದು ಹೇಳುವಾಗ ನಿರೂಪಕ ರೂಢಿಬಲದಿಂದ ದೊಡ್ಡ ಗಾಯಕಿಯ ಹೆಸರನ್ನೇ ಹೇಳಿಬಿಟ್ಟ. ಅಡುಗೆಮನೆಯಲ್ಲಿ ಟ್ರ್ಯಾಕಕ್ಕನ ಕೈಯ ಪಾತ್ರೆ ಹಾಗೇ ನಿಂತಿತು. ಹಾಡಿನ ಮೊದಲ ಸಾಲು ಬಂತು. ಹೊಲಿಗೆ ಯಂತ್ರದ ಸದ್ದು ನಿಂತಿತು.

"ಇವನ ಬಾಯಿಗೆ ಬೀಗ ಹಾಕ! ಯಾರ ಹೆಸರು ಹೇಳ್ತಾನೆ ಇವನು? ಇದು ನಮ್ಮ ಸೊಸೆ!" ಎಂದು ಅತ್ತೆ ರೇಡಿಯೋಗೆ ಬೈಯುತ್ತಿದ್ದಳು.

ಟ್ರ್ಯಾಕಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, "ಹೋಗ್ಲಿ ಬಿಡಿ ಅತ್ತೆ, ಹೆಸರು ತಾನೇ" ಎಂದಳು.

"ಶ್, ಸುಮ್ನಿರೇ. ನೀನು ಹಾಡೋದನ್ನ ಕೇಳಕ್ಕೆ ಬಿಡು" ಎಂದಳು ಅತ್ತೆ.