ಷೇರುಪೇಟೆಗೆ ಮೊದಲು, ಅಮ್ಮನಿಗೆ ಆಮೇಲೆ

ಶಾಂತಲಾಳಿಗೆ ಗಂಡು ಗೊತ್ತಾಗಿದೆ ಎಂದು ಹೊಸಕೆರೆಹಳ್ಳಿಯ ಆ ಬೀದಿಯಲ್ಲೆಲ್ಲ ಸುದ್ದಿ ಹಬ್ಬಿದ್ದು ಪೂರ್ತಿಯಾಗಿ ಅವಳ ಮುಖದ ತಪ್ಪು. ನಲವತ್ತರ ಹತ್ತಿರದ ಹೆಂಗಸು ತಲೆ ಬಾಚಿಕೊಳ್ಳುತ್ತ ತನ್ನಷ್ಟಕ್ಕೆ ನಗುವುದು, ಫೋನ್ ಬಂದರೆ ತಾರಸಿಗೆ ಓಡುವುದು, ಯಾರದು ಎಂದರೆ "ಆಫೀಸು" ಎನ್ನುವುದು. ಎದುರುಮನೆಯ ಲತಾಮಣಿಗೆ ಇಷ್ಟು ಸಾಕಾಗಿತ್ತು.

ತಾಯಿ ಈಶ್ವರಮ್ಮ ಒಂದು ಬೆಳಗ್ಗೆ ದೋಸೆ ಹಾಕುತ್ತ ನೇರವಾಗಿ ಕೇಳಿಯೇಬಿಟ್ಟರು. "ಹುಡುಗ ಯಾರೇ?"

"ಯಾವ ಹುಡುಗನೂ ಇಲ್ಲಮ್ಮ."

"ಮತ್ಯಾಕೆ ಹಿಂಗೆ ಕುಣೀತಿದ್ದೀಯ?"

"ಹೇಳಕ್ಕಾಗಲ್ಲ. ಕಾನೂನು."

"ಪ್ರೀತಿ ಮಾಡಕ್ಕೂ ಕಾನೂನು ಬಂತಾ?"

ಶಾಂತಲಾ ಜೆ.ಪಿ. ನಗರದ ಗಂಗಾಧರ ಸ್ಕೇಲ್ಸ್ ಎಂಬ ಕಂಪನಿಯ ಸೆಕ್ರೆಟರಿ. ಉತ್ತರಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದ ಗಂಗಾಧರಯ್ಯ ತೂಕದ ಯಂತ್ರ ತಯಾರಿಸಲು ಶುರುಮಾಡಿ, ಕಂಪನಿಯನ್ನು ಷೇರುಪೇಟೆಯವರೆಗೂ ಕೊಂಡೊಯ್ದಿದ್ದರು. ಕಂಪನಿಯಲ್ಲಿ ಏನೇ ನಡೆದರೂ ಷೇರುಪೇಟೆಗೆ ವರದಿ ಕೊಡುವುದು ಶಾಂತಲಾಳ ಕೆಲಸ. ಆದರೆ ಅಲ್ಲಿ ಏನೂ ನಡೆಯುತ್ತಲೇ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಅದೇ ಫಲಿತಾಂಶ, ಹೂಡಿಕೆದಾರರ ದೂರುಗಳೆಷ್ಟು ಎಂಬ ಪ್ರಶ್ನೆಗೆ ಅದೇ "ಇಲ್ಲ". ವರ್ಷಗಟ್ಟಲೆ "ಇಲ್ಲ" ಎಂದು ಬರೆದು ಬರೆದು ಅವಳಿಗೆ ಸಾಕಾಗಿಹೋಗಿತ್ತು.

ಅಂಥ ಕಂಪನಿಯನ್ನು ಕೊಳ್ಳಲು ಪುಣೆಯ ದೊಡ್ಡ ಕಂಪನಿಯೊಂದು ಬಂದಿತ್ತು. ಗಂಗಾಧರಯ್ಯನವರು ಬಾಗಿಲು ಹಾಕಿಕೊಂಡು ಈ ಮಾತು ಹೇಳಿದ ದಿನದಿಂದ ಶಾಂತಲಾಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಸುದ್ದಿ ಹೊರಬೀಳುವವರೆಗೆ ಗೊತ್ತಿದ್ದವರು ಯಾರಿಗೂ ಹೇಳುವ ಹಾಗಿಲ್ಲ, ಅವರಾಗಲಿ ಮನೆಯವರಾಗಲಿ ಆ ಷೇರು ಮುಟ್ಟುವ ಹಾಗಿಲ್ಲ. ಕಷ್ಟವಿದ್ದದ್ದು ಇಲ್ಲೇ. ಶಾಂತಲಾಳ ತಂದೆ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ತೀರಿಕೊಳ್ಳುವ ಮುಂಚೆ ಒಂದಿಷ್ಟು ಷೇರುಗಳನ್ನು ಹೆಂಡತಿಯ ಹೆಸರಿಗೆ ಮಾಡಿದ್ದರು. ಅಡುಗೆಮನೆ ಹೊಸದು ಮಾಡಿಸಲು ಅವನ್ನು ಮಾರೋಣವೆಂದು ಈಶ್ವರಮ್ಮ ಹಟ ಹಿಡಿದಿದ್ದರು.

"ಈಗ ಬೇಡಮ್ಮ."

"ಯಾಕೆ? ಬೆಲೆ ಬೀಳತ್ತಾ, ಏರತ್ತಾ?"

ಶಾಂತಲಾ ಬಾಯಿಗೆ ದೋಸೆ ತುರುಕಿಕೊಂಡು ಎದ್ದುಹೋದಳು.

ಕೊನೆಗೂ ಆಡಳಿತ ಮಂಡಳಿಯ ಸಭೆ ಸೇರಿತು. ಮುಗಿದ ಅರ್ಧ ಗಂಟೆಯೊಳಗೆ ಷೇರುಪೇಟೆಗೆ ವರದಿ ತಲುಪಬೇಕು. ಗಂಗಾಧರಯ್ಯನವರು ಸಹಿ ಹಾಕಿದರು, ಪುಣೆಯವರು ಕೈಕುಲುಕಿದರು, ಶಾಂತಲಾ ಕಂಪ್ಯೂಟರಿನ ಮುಂದೆ ಕೂತಳು. ಸರಿಯಾಗಿ ಆಗಲೇ ಇಂಟರ್ನೆಟ್ ಹೋಯಿತು! ಹೊರಗೆ ರಸ್ತೆ ಅಗೆಯುತ್ತಿದ್ದವರು ಕೇಬಲ್ ಕತ್ತರಿಸಿದ್ದರು.

"ಏನಮ್ಮಾ ಈಗ ಗತಿ?" ಎಂದರು ಗಂಗಾಧರಯ್ಯ.

"ಮೇಲೆ ಸಿಗ್ನಲ್ ಸಿಗತ್ತೆ ಸಾರ್, ಬನ್ನಿ!"

ಲ್ಯಾಪ್‌ಟಾಪನ್ನು ಅವಚಿಕೊಂಡು ಶಾಂತಲಾ ಮೆಟ್ಟಿಲು ಹಾರುತ್ತ ತಾರಸಿಗೆ ಓಡಿದಳು. ಏದುಸಿರು ಬಿಡುತ್ತ ಹಿಂದೆ ಬಂದ ಗಂಗಾಧರಯ್ಯನವರು ನೀರಿನ ಟ್ಯಾಂಕಿನ ಪಕ್ಕ ಅವಳ ಫೋನನ್ನು ಎತ್ತಿ ಹಿಡಿದು ನಿಂತರು. ಅವರು ಕೈ ಇಳಿಸಿದರೆ ಪರದೆಯ ಚಕ್ರ ಸುಮ್ಮನೆ ಸುತ್ತುತ್ತಿತ್ತು. "ಮೇಲೆ ಸಾರ್, ಇನ್ನೂ ಮೇಲೆ!" ಎಂದು ಮಾಲೀಕರಿಗೇ ಗದರಿದಳು. ವರದಿ ಹೋಯಿತು. ತಲುಪಿದೆ ಎಂಬ ಉತ್ತರವೂ ಬಂತು. ಶಾಂತಲಾ ಕಿರುಚಿದ ಸದ್ದಿಗೆ ಪಕ್ಕದ ಕಟ್ಟಡದಲ್ಲಿ ಬಟ್ಟೆ ಒಣಹಾಕುತ್ತಿದ್ದವರು ತಿರುಗಿ ನೋಡಿದರು.

ಷೇರುಪೇಟೆಯ ವೆಬ್‌ಸೈಟಿನಲ್ಲಿ ಸುದ್ದಿ ಕಾಣಿಸಿದ ಮೇಲಷ್ಟೇ ಮನೆಗೆ ಫೋನ್ ಮಾಡಿದಳು. "ಅಮ್ಮಾ, ಈಗ ಹೇಳ್ಬೋದು! ನಮ್ಮ ಕಂಪನೀನ ಪುಣೆಯವ್ರು ತಗೋತಿದ್ದಾರೆ!"

"ಇಷ್ಟೇನಾ? ನಾನು ಲತಾಮಣಿಗೆ ಛತ್ರ ನೋಡಕ್ಕೆ ಹೇಳಿದ್ನಲ್ಲೇ!"

ಪುಣೆಯವರು ಆಗ ಷೇರುದಾರರಿಗೆ ಕೊಡುತ್ತೇವೆಂದ ಬೆಲೆ ಈಶ್ವರಮ್ಮನವರಿಗೆ ಹಿಡಿಸಲಿಲ್ಲ. ಮಾರಲಿಲ್ಲ. ಮರುವರ್ಷ ಪುಣೆಯವರು ಕಂಪನಿಯನ್ನು ಷೇರುಪೇಟೆಯಿಂದಲೇ ಹೊರತೆಗೆಯಲು ಹೊರಟರು. ಅದಕ್ಕೆ ಜನರ ಕೈಲಿದ್ದ ಷೇರುಗಳಲ್ಲಿ ಬಹುಪಾಲು ಅವರಿಗೆ ಸಿಗಬೇಕು. ಈ ಸಲ ಕೊಳ್ಳುವವರು ಹೇಳುವುದು ಕನಿಷ್ಠ ಬೆಲೆ ಮಾತ್ರ, ತನಗೆ ಎಷ್ಟು ಬೇಕೆಂದು ಷೇರುದಾರರೇ ಕೇಳಬಹುದು ಎಂದು ಶಾಂತಲಾ ವಿವರಿಸಿದಾಗ ಈಶ್ವರಮ್ಮನವರ ಕಣ್ಣರಳಿತು. ಜಯನಗರದ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಸೊಪ್ಪಿಗೂ ಚೌಕಾಸಿ ಮಾಡದೆ ಬಂದವರಲ್ಲ ಅವರು.

"ನಾನೇ ರೇಟ್ ಹೇಳ್ಬೋದಾ?"

"ಹೂಂ. ಎಷ್ಟು ಅಂತ ಮಾತ್ರ ನನ್ನ ಕೇಳ್ಬೇಡ."

"ನಿನ್ನ ಯಾಕೆ ಕೇಳ್ಲಿ? ನೀನು ಆ ಕಡೆಯವಳು."

ಲತಾಮಣಿಯನ್ನು ಜೊತೆಗೆ ಕರೆದುಕೊಂಡು ಆಟೋದಲ್ಲಿ ಬ್ರೋಕರ್ ಆಫೀಸಿಗೆ ಹೋಗಿ ಬೆಲೆ ಬರೆಸಿ ಬಂದರು. ಎಷ್ಟೆಂದು ಮಗಳಿಗೆ ಹೇಳಲಿಲ್ಲ.

ಮೊದಲ ದಿನಗಳಲ್ಲಿ ಷೇರುಗಳು ಹನಿಹನಿಯಾಗಿ ಬಂದವು. ಇದು ಆಗುವ ಮಾತಲ್ಲ ಎಂದುಕೊಂಡಳು ಶಾಂತಲಾ. ಕೊನೆಯ ಮಧ್ಯಾಹ್ನ ಮಾತ್ರ ಎಲ್ಲಿದ್ದರೋ ಜನ, ನುಗ್ಗಿ ಬಂದರು. ಪರದೆಯ ಮೇಲಿನ ಸಂಖ್ಯೆ ಕಣ್ಣೆದುರೇ ಜಿಗಿಯುತ್ತ ಹೋಯಿತು. ಊಟದ ಡಬ್ಬಿ ತೆರೆಯದೆ ಇಡೀ ಆಫೀಸು ಅವಳ ಬೆನ್ನ ಹಿಂದೆ ನಿಂತಿತ್ತು. ಬೇಕಾದಷ್ಟು ಷೇರು ಸೇರಿ ಗೆರೆ ದಾಟಿದಾಗ ಚಪ್ಪಾಳೆಯೋ ಚಪ್ಪಾಳೆ.

ಯಾವ ಬೆಲೆಗೆ ಆ ಗೆರೆ ದಾಟಿತೋ ಆ ಬೆಲೆಗೆ ಪುಣೆಯವರು ಒಪ್ಪಿದರು. ಈಶ್ವರಮ್ಮ ಕೇಳಿದ್ದಕ್ಕಿಂತ ಅದು ಹೆಚ್ಚೇ ಇತ್ತು, ಕಡಿಮೆ ಕೇಳಿದವರಿಗೂ ಅದೇ ಬೆಲೆ.

"ಅಯ್ಯೋ, ಇನ್ನೂ ಜಾಸ್ತಿ ಹೇಳ್ಬೋದಿತ್ತು!" ಎಂದು ಎರಡು ದಿನ ಪೇಚಾಡಿದರು. ಮೂರನೆಯ ದಿನ ಅಡುಗೆಮನೆಗೆ ಕಲ್ಲು ಆರಿಸಲು ಹೊರಟರು.

ಕಂಪನಿಯ ಹೆಸರು ಷೇರುಪೇಟೆಯಿಂದ ಹೋದ ಬೆಳಗ್ಗೆ ಶಾಂತಲಾ ಅಭ್ಯಾಸಬಲದಿಂದ ಅದನ್ನು ಹುಡುಕಿದಳು. ಸಿಗಲಿಲ್ಲ. ಇಲ್ಲೇ ಇರಿ ಎಂದು ಪುಣೆಯವರು ಕೇಳಿಕೊಂಡಿದ್ದರು, ಸಂಬಳವೂ ಒಳ್ಳೆಯದೇ. ಆದರೆ ಅವಳ ಮನಸ್ಸು ಆಗಲೇ ಬಿ.ಟಿ.ಎಂ. ಲೇಔಟಿನಲ್ಲಿತ್ತು. ಅಲ್ಲಿ ಗಾಣದ ಎಣ್ಣೆ ಮಾರುವ ಕಂಪನಿಯೊಂದು ಮೊದಲ ಬಾರಿಗೆ ಷೇರುಪೇಟೆಗೆ ಬರಲು ಸಿದ್ಧವಾಗುತ್ತಿತ್ತು.

"ಎಲ್ಲಾ ಮೊದಲಿಂದ ಶುರು ಮಾಡ್ಬೇಕು ಮೇಡಂ, ಇಲ್ಲಿ ಏನೂ ಇಲ್ಲ" ಎಂದ ಅಲ್ಲಿನ ಯುವ ಮಾಲೀಕ ದೀಪಕ್, ಸಂಕೋಚದಿಂದ.

"ಸಖತ್!" ಎಂದಳು ಶಾಂತಲಾ, ಕುರ್ಚಿ ಎಳೆದುಕೊಂಡು.